ಕೋರಲೈನ್ ಪಾಚಿ ಹಿಡಿಯುತ್ತಿಲ್ಲವೇ? ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಉಪ್ಪುನೀರಿನ ಟ್ಯಾಂಕ್ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಗಾಜಿಗೆ ಮೂಗು ತಾಗಿಸಿ ಕಲ್ಲನ್ನೇ ದಿಟ್ಟಿಸಿರುತ್ತಾರೆ. ನೇರಳೆ ಬಂತಾ, ಇಲ್ವಾ? ಬೇರೆ ಪಾಚಿಗಳು ಬೇಡ ಅಂದರೂ ಬರುತ್ತವೆ. ಈ ನೇರಳೆ ಕೋರಲೈನ್ ಮಾತ್ರ ಕರೆದರೂ ಬರುವುದಿಲ್ಲ.

ಕೋರಲೈನ್ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ನೀರಿನಲ್ಲಿರುವ ಕ್ಯಾಲ್ಸಿಯಂ, ಕಾರ್ಬೋನೇಟ್, ಜೊತೆಗೆ ಸ್ವಲ್ಪ ಮೆಗ್ನೀಷಿಯಂ ಎಳೆದುಕೊಂಡು ತನ್ನ ಜೀವಕೋಶದ ಗೋಡೆಯಲ್ಲೇ ಸುಣ್ಣ ಕಟ್ಟುತ್ತದೆ. ಗೋಡೆಗೆ ಸುಣ್ಣ ಬಳಿದ ಹಾಗೆ ಕಲ್ಲಿನ ಮೇಲೆ ತೆಳ್ಳಗೆ ಹರಡುತ್ತದೆ. ಬಣ್ಣ ಮಾತ್ರ ನೇರಳೆ, ಗುಲಾಬಿ ಅಥವಾ ಇಟ್ಟಿಗೆ ಕೆಂಪು.

ಬೆಳೆಯದಿದ್ದಾಗ ಎಲ್ಲರೂ ಮೊದಲು ಕೈ ಹಾಕುವುದು ಕ್ಯಾಲ್ಸಿಯಂ ಬಾಟಲಿಗೆ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು. ನಾನು ಕಂಡ ಮಟ್ಟಿಗೆ ತಪ್ಪು ಇರುವುದು ಹೆಚ್ಚಾಗಿ ಅಳತೆಯಲ್ಲಿ. ಅದಕ್ಕೇ ಇಲ್ಲಿ ಅಳತೆ ಮೊದಲು ಬರುತ್ತದೆ, ಬಾಟಲಿ ಆಮೇಲೆ.

ಮೊದಲು ಇದೊಂದು: ಅದು ಕೋರಲೈನ್ ಹೌದಾ?

ಉಗುರಿನಿಂದ ಕೆರೆದು ನೋಡಿ. ಕೋರಲೈನ್ ಆದರೆ ಉಗುರೇ ಸವೆಯುತ್ತದೆ, ಅದು ಅಲುಗುವುದಿಲ್ಲ. ಮುಟ್ಟಿದರೆ ಥೇಟ್ ಕಲ್ಲು. ಜೀವಿಗಳಿಗೆ ಹೆಸರಿಡುವ ಕ್ರಮ ಹಾಕಿಕೊಟ್ಟ ಲಿನಿಯಸ್ ಕೂಡ 1758ರಲ್ಲಿ ಇದನ್ನು ಪ್ರಾಣಿಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದ. ನಮಗೆ ಗೊಂದಲವಾದರೆ ನಾಚಿಕೆಪಡುವಂಥದ್ದೇನಿಲ್ಲ.

ನೇರಳೆಯೇ ಇದೆ, ಆದರೆ ಬೆರಳು ತಾಗಿಸಿದರೆ ಹಾಳೆಯಂತೆ ಎದ್ದು ಬರುತ್ತದೆ, ಲೋಳೆಲೋಳೆ, ಕೆಳಗೆ ಗಾಳಿಗುಳ್ಳೆ ಬೇರೆ. ಅದು ಸಯನೋಬ್ಯಾಕ್ಟೀರಿಯಾ. ಅದನ್ನು ಕೋರಲೈನ್ ಅಂದುಕೊಂಡು ತಿಂಗಳುಗಟ್ಟಲೆ ಸಾಕಿದವರಿದ್ದಾರೆ.

ಗಾಜಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳಿವೆಯೇ? ಭೂತಗನ್ನಡಿ ಹಿಡಿಯಿರಿ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಕಂಡರೆ ಅವು ಸ್ಪೈರಾರ್ಬಿಡ್ ಎಂಬ ಪುಟ್ಟ ಹುಳುಗಳ ಮನೆ. ಅವುಗಳಿಂದ ತೊಂದರೆಯಿಲ್ಲ. ಸುರುಳಿ ಇಲ್ಲದೆ ಚಪ್ಪಟೆಯಾಗಿ ದುಂಡಗಿದ್ದು, ನಡುವೆ ಸ್ವಲ್ಪ ಗುಲಾಬಿ ಇದ್ದರೆ ಖುಷಿಪಡಿ, ನಿಮಗೆ ಬೇಕಾದದ್ದು ಅದೇ.

ಲಕ್ಷಣ: ತಿಂಗಳುಗಳೇ ಕಳೆದವು, ಒಂದು ಚುಕ್ಕೆಯೂ ಇಲ್ಲ

ಇಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಬೀಜ ಎಲ್ಲಿಂದ ಬರಬೇಕಿತ್ತು? ಕೋರಲೈನ್ ತಾನಾಗಿ ಹುಟ್ಟುವುದಿಲ್ಲ. ಬೀಜಾಣು ಯಾವುದಾದರೂ ದಾರಿಯಿಂದ ಒಳಗೆ ಬರಲೇಬೇಕು. ಪೂರ್ತಿ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಹಾಕಿ, ಚೀಲದ ಮರಳು ಸುರಿದು, ಪ್ಯಾಕೆಟ್ ಉಪ್ಪು ಕಲಸಿ ಶುರು ಮಾಡಿದ ಟ್ಯಾಂಕಿನಲ್ಲಿ ಬೀಜವೇ ಇರುವುದಿಲ್ಲ. ಹೊಲಕ್ಕೆ ಬಿತ್ತದೆ ಬರೀ ಗೊಬ್ಬರ ಹಾಕಿದಂತೆ ಅದು.

ಅಗ್ಗದ ದಾರಿ ಇದು. ಈಗಾಗಲೇ ನೇರಳೆ ಕಟ್ಟಿರುವ ಟ್ಯಾಂಕಿನಿಂದ ಹೆಬ್ಬೆರಳಿನಷ್ಟು ಕಲ್ಲಿನ ಚೂರು ತನ್ನಿ. ಚಿಪ್ಪಿನ ಮೇಲೆ ನೇರಳೆ ತೇಪೆ ಇರುವ ಬಸವನಹುಳು ಸಿಕ್ಕರೆ ಇನ್ನೂ ಒಳ್ಳೆಯದು. ಅದು ಇಡೀ ಟ್ಯಾಂಕ್ ಸುತ್ತಾಡಿ ಬೀಜ ಹರಡುತ್ತದೆ, ಜೊತೆಗೆ ಕಲ್ಲನ್ನೂ ಒರೆಸುತ್ತದೆ. ಚೂರನ್ನು ತರುವಾಗ ಒಣಗಲು ಬಿಡಬೇಡಿ, ನೀರಿನಲ್ಲೇ ಮುಳುಗಿಸಿ ತನ್ನಿ. ಹಾಕುವ ಮುಂಚೆ ಬಿಳಿ ತಟ್ಟೆಯಲ್ಲಿಟ್ಟು ಐದು ನಿಮಿಷ ನೋಡಿ. ಹೂವಿನಂತೆ ಕಾಣುವ ಐಪ್ಟೇಸಿಯಾದಂಥ ಕಳೆ ಪ್ರಾಣಿ ಜೊತೆಯಲ್ಲಿ ಬಂದರೆ ಆಮೇಲೆ ಕೋರಲೈನ್ ಮರೆತು ಅದರ ಹಿಂದೆಯೇ ಓಡಬೇಕಾಗುತ್ತದೆ.

ಚೂರನ್ನು ಪವರ್‌ಹೆಡ್‌ನ (ನೀರು ತಳ್ಳುವ ಪುಟ್ಟ ಪಂಪಿನ) ಹರಿವು ತಾಗುವ, ಆದರೆ ಬೆಳಕು ನೇರವಾಗಿ ಬೀಳದ ಜಾಗದಲ್ಲಿಡಿ. ನೀರು ಸೋಸುವ ಬಟ್ಟೆಚೀಲ, ಅಂದರೆ ಫಿಲ್ಟರ್ ಸಾಕ್ ಇದ್ದರೆ ಒಂದೆರಡು ದಿನ ತೆಗೆದಿಡಿ. ಬಾಟಲಿಯಲ್ಲಿ ಮಾರುವ ಕೋರಲೈನ್ ಬೀಜವೂ ಉಂಟು. ಕೆಲವರಿಗೆ ಹಿಡಿದಿದೆ, ಕೆಲವರಿಗೆ ಇಲ್ಲ. ಕಲ್ಲಿನ ಚೂರು ಸಿಗುವಾಗ ನಾನಂತೂ ಅದಕ್ಕೆ ದುಡ್ಡು ಹಾಕುವುದಿಲ್ಲ.

ಇನ್ನು ಕಾಯುವುದು. ಒಳ್ಳೆಯ ಲೈವ್ ರಾಕ್ (ಜೀವಿಗಳು ಹಿಡಿದಿರುವ ಕಲ್ಲು) ಇದ್ದರೆ ಒಂದರಿಂದ ಮೂರು ತಿಂಗಳಲ್ಲಿ ಹೊಸ ಚುಕ್ಕೆಗಳು ಕಾಣುತ್ತವೆ. ಡ್ರೈ ರಾಕ್ ಆದರೆ ಆರು ತಿಂಗಳು, ವರ್ಷವೂ ಆಗಬಹುದು. ಎರಡೇ ತಿಂಗಳ ಟ್ಯಾಂಕಿನಲ್ಲಿ ನೇರಳೆ ಇಲ್ಲ ಅಂದರೆ ಅದು ದೋಷವೇ ಅಲ್ಲ.

ಲಕ್ಷಣ: ಕಲ್ಲಿನ ಮೇಲೆ ಕಂದು ಪುಡಿ, ಹಸಿರು ಕೂದಲು

ಜಾಗ ಬೇರೆಯವರ ಪಾಲಾಗಿದೆ. ಕೋರಲೈನ್ ನಿಧಾನದ್ದು, ಉಳಿದವು ಓಡುವಂಥವು.

ಮೊದಲ ಕೆಲವು ವಾರಗಳ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಬರುತ್ತದೆ, ತಾನೇ ಹೋಗುತ್ತದೆ. ಹೋಗದೆ ಮತ್ತೆ ಮತ್ತೆ ಬರುತ್ತಿದ್ದರೆ ನೀವು ತುಂಬುವ ನೀರಿನಲ್ಲಿ ಸಿಲಿಕೇಟ್ ಇರಬಹುದು. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಆರ್‌ಒ ಡಿಐ ಶುದ್ಧೀಕರಣ ಘಟಕದಿಂದ ಬರುವ ನೀರು 0 ತೋರಿಸಬೇಕು. ಅಂಕಿ ಮೇಲೇರಿದ್ದರೆ ಡಿಐ ರಾಳ ಮುಗಿದಿದೆ, ಬದಲಿಸಿ.

ಹಸಿರು ಕೂದಲಿನಂಥ ಪಾಚಿ ದಟ್ಟವಾಗಿದ್ದರೆ ಫಾಸ್ಫೇಟ್ ನೋಡಿ. ಅದು ಜಾಸ್ತಿಯಾದರೆ ಎರಡು ಕಡೆಯಿಂದ ಹೊಡೆತ: ಕೂದಲು ಪಾಚಿಗೆ ಗೊಬ್ಬರ, ಕೋರಲೈನ್‌ಗೆ ಸುಣ್ಣ ಕಟ್ಟಲು ಅಡ್ಡಿ. 0.1 ಪಿಪಿಎಂ (ಲೀಟರಿಗೆ ಸುಮಾರು 0.1 ಮಿಲಿಗ್ರಾಂ) ಒಳಗಿರಲಿ. ಆದರೆ ಒಂದು ಮೋಸ ಇದೆ. ಕೂದಲು ಪಾಚಿ ತುಂಬಾ ಇದ್ದಾಗ ಫಾಸ್ಫೇಟನ್ನು ಅದೇ ತಿಂದು ಮುಗಿಸಿರುತ್ತದೆ, ಟೆಸ್ಟ್ ಕಿಟ್ ಸೊನ್ನೆ ತೋರಿಸುತ್ತದೆ. ಸೊನ್ನೆ ಕಂಡಿತು ಅಂತ ನಂಬಬೇಡಿ, ಕಲ್ಲನ್ನು ನಂಬಿ. ಕೈಯಿಂದ ಕಿತ್ತು ತೆಗೆಯಿರಿ, ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿ, ನೀರು ಬದಲಿಸಿ, ಟ್ರೋಕಸ್ ಅಥವಾ ಆಸ್ಟ್ರೇಯಾ ಜಾತಿಯ ಬಸವನಹುಳುಗಳನ್ನು ಬಿಡಿ.

ಹಾಗಂತ ಫಾಸ್ಫೇಟ್, ನೈಟ್ರೇಟ್ ಎರಡನ್ನೂ ಪೂರ್ತಿ ಸೊನ್ನೆಗೆ ಇಳಿಸುವ ಹಟ ಬೇಡ. ಹಾಗೆ ಬರಡಾದ ಟ್ಯಾಂಕಿನಲ್ಲಿ ಡೈನೋಫ್ಲ್ಯಾಜೆಲೇಟ್ ಎಂಬ, ಕಂದು ಲೋಳೆ ಕಟ್ಟುವ ಸೂಕ್ಷ್ಮಜೀವಿ ಬರಬಹುದು. ಅದು ಕೂದಲು ಪಾಚಿಗಿಂತ ದೊಡ್ಡ ತಲೆನೋವು.

ಲಕ್ಷಣ: ನಾಲ್ಕು ಚುಕ್ಕೆ ಬಂದವು, ಅಲ್ಲೇ ನಿಂತವು

ನನ್ನ ಕಥೆ ಇದೇ. ಬೀಜ ಇತ್ತು, ಬೇರೆ ಪಾಚಿ ಇರಲಿಲ್ಲ, ಆದರೂ ಚುಕ್ಕೆಗಳು ಬೆಳೆಯಲಿಲ್ಲ. ಕ್ಯಾಲ್ಸಿಯಂ ಅಳೆದೆ, 340 ಪಿಪಿಎಂ. ಬೇಕಿದ್ದದ್ದು 400ರ ಮೇಲೆ. ಸರಿ, ಕ್ಯಾಲ್ಸಿಯಂ ಹಾಕಿದೆ. ಮೆಗ್ನೀಷಿಯಂ ಅಳೆದೆ, ಅದೂ ಸಾವಿರದ ಆಸುಪಾಸು. ಅದನ್ನೂ ಹಾಕಿದೆ. ನೀರು ಬದಲಿಸಿದ ಪ್ರತಿಸಲವೂ ಎರಡೂ ಮತ್ತೆ ಕುಸಿಯುತ್ತಿದ್ದವು. ಉಪ್ಪಿನ ಪ್ಯಾಕೆಟ್ಟೇ ಕಳಪೆ ಅಂತ ಬೈದುಕೊಂಡೆ.

ಪಾಪ, ಉಪ್ಪಿನ ತಪ್ಪೇನೂ ಇರಲಿಲ್ಲ. ನೀರಿನ ಉಪ್ಪು ಅಳೆಯಲು ನಾನು ಬಳಸುತ್ತಿದ್ದದ್ದು ಮುಳ್ಳು ಏರುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಒಂದು ದಿನ ಅದನ್ನು ಬೆಳಕಿಗೆ ಹಿಡಿದಾಗ ಕಂಡಿತು: ಮುಳ್ಳಿನ ಅಡಿಯಲ್ಲಿ ಮೂರು ಪುಟ್ಟ ಗಾಳಿಗುಳ್ಳೆ ಅಂಟಿಕೊಂಡಿವೆ, ಮುಳ್ಳನ್ನು ಮೇಲಕ್ಕೆ ಎತ್ತಿ ಹಿಡಿದಿವೆ. ಬೆರಳಿನಿಂದ ತಟ್ಟಿದೆ. ಗುಳ್ಳೆ ಬಿಟ್ಟುಕೊಂಡವು. 1.025ರಲ್ಲಿದ್ದ ಮುಳ್ಳು ಮೆಲ್ಲಗೆ 1.021ಕ್ಕೆ ಇಳಿದು ಕೂತಿತು. ತಿಂಗಳುಗಳಿಂದ ನನ್ನ ಟ್ಯಾಂಕಿನಲ್ಲಿ ಉಪ್ಪೇ ಕಡಿಮೆ ಇತ್ತು. ಉಪ್ಪು ಕಡಿಮೆಯಾದರೆ ಅದರ ಜೊತೆ ಬರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲವೂ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತವೆ. ಸಾರು ನೀರಾಗಿದ್ದರೆ ಖಾರವೂ ಕಡಿಮೆ, ಹುಳಿಯೂ ಕಡಿಮೆ, ಅಷ್ಟೇ.

ಆದ್ದರಿಂದ ಈ ಲಕ್ಷಣಕ್ಕೆ ಕ್ರಮ ಹೀಗಿರಲಿ.

*ಲವಣಾಂಶ ಮೊದಲು.* 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು), ಅಂದರೆ ಹೈಡ್ರೋಮೀಟರಿನಲ್ಲಿ ಸುಮಾರು 1.026. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದರೆ ಅದನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿ ಮಾಪನ ದ್ರಾವಣದಲ್ಲೂ ಸರಿಪಡಿಸಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಒಟ್ಟಿಗೆ ಕಡಿಮೆ ಬಂದರೆ ಅನುಮಾನ ಉಪ್ಪಿನ ಮೇಲೇ ಇರಲಿ. ಉಪ್ಪು ಕಡಿಮೆ ಅಂತ ಗೊತ್ತಾದರೆ ಒಂದೇ ದಿನಕ್ಕೆ ಏರಿಸಬೇಡಿ. ಆವಿಯಾದ ನೀರಿನ ಬದಲಿಗೆ ಉಪ್ಪುನೀರು ತುಂಬುತ್ತಾ ಒಂದು ವಾರ ತೆಗೆದುಕೊಳ್ಳಿ.

*ಆಮೇಲೆ ಕಿಟ್.* ಅವಧಿ ಮುಗಿದ ಕಿಟ್ ಸುಳ್ಳು ಹೇಳುತ್ತದೆ. ಹೊಸದಾಗಿ ಕಲಸಿದ ಉಪ್ಪುನೀರನ್ನೂ ಟ್ಯಾಂಕಿನ ನೀರನ್ನೂ ಒಟ್ಟಿಗೆ ಪರೀಕ್ಷಿಸಿ. ಹೊಸ ನೀರಿನಲ್ಲೂ ವಿಚಿತ್ರ ಅಂಕಿ ಬಂದರೆ ಕಿಟ್ ಬದಲಿಸಿ.

*ನಂತರ ಅಲ್ಕಲಿನಿಟಿ.* ಅಂದರೆ ಸುಣ್ಣ ಕಟ್ಟಲು ನೀರಿನಲ್ಲಿ ಸಿಗುವ ಕಾರ್ಬೋನೇಟ್‌ಗಳ ಅಳತೆ, ಡಿಕೆಎಚ್ ಅದರ ಮಾನ. ನನ್ನ ಲೆಕ್ಕದಲ್ಲಿ ಇದೇ ಯಜಮಾನ. ಸುಣ್ಣ ಕಟ್ಟುವಾಗ ಅಲ್ಕಲಿನಿಟಿ 1 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಇಳಿಯುವುದು ಸುಮಾರು 7 ಪಿಪಿಎಂ ಮಾತ್ರ. 420 ಇದ್ದದ್ದು 413 ಆದರೆ ಕಿಟ್‌ಗೆ ಗೊತ್ತೇ ಆಗುವುದಿಲ್ಲ. ಆದರೆ 8 ಇದ್ದ ಅಲ್ಕಲಿನಿಟಿ 7 ಆದದ್ದು ಎದ್ದು ಕಾಣುತ್ತದೆ. ಹಾಗಾಗಿ ಒಂದೇ ಕಿಟ್ ಕೊಳ್ಳುವ ಶಕ್ತಿ ಇದ್ದರೆ ಅಲ್ಕಲಿನಿಟಿ ಕಿಟ್ ಕೊಳ್ಳಿ. 8ರಿಂದ 9 ಡಿಕೆಎಚ್ ಇಟ್ಟುಕೊಳ್ಳಿ. 7.5 ಇದ್ದು ದಿನವೂ ಅಲ್ಲೇ ಇದ್ದರೆ ಪರವಾಗಿಲ್ಲ. ಸೋಮವಾರ 7, ಗುರುವಾರ 10, ಭಾನುವಾರ ಮತ್ತೆ 7 ಅಂದರೆ ಕೋರಲೈನ್ ನಿಂತುಬಿಡುತ್ತದೆ.

ಕಂಡುಹಿಡಿಯುವುದು ಸುಲಭ. ಐದು ದಿನ, ಒಂದೇ ಹೊತ್ತಿಗೆ, ಏನೂ ಹಾಕದೆ ಅಲ್ಕಲಿನಿಟಿ ಅಳೆದು ಬರೆದಿಡಿ. ದಿನಕ್ಕೆ ಎಷ್ಟು ಇಳಿಯುತ್ತದೋ ಅಷ್ಟೇ ದಿನಾ ಹಾಕಬೇಕಾದದ್ದು. 100 ಲೀಟರ್ ನೀರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ ಸುಮಾರು 1 ಡಿಕೆಎಚ್ ಏರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ. 100 ಲೀಟರ್ ಅಂದರೆ ಟ್ಯಾಂಕಿನ ಅಳತೆಯಲ್ಲ, ಕಲ್ಲು ಮರಳು ಕಳೆದು ಉಳಿದ ನೀರು.

ಐದು ದಿನವಾದರೂ ಇಳಿಯಲೇ ಇಲ್ಲವೇ? ಹಾಗಾದರೆ ಸುಣ್ಣ ಕಟ್ಟುವವರು ಯಾರೂ ಇಲ್ಲ ಅಂತ ಅರ್ಥ. ಹಾಕುವ ಅಗತ್ಯವೂ ಇಲ್ಲ. ವಾರ ವಾರ ಸ್ವಲ್ಪ ನೀರು ಬದಲಿಸಿದರೆ ಸಾಕು.

*ಕೊನೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ.* ಕ್ಯಾಲ್ಸಿಯಂ 400ರಿಂದ 450, ಮೆಗ್ನೀಷಿಯಂ 1250ರಿಂದ 1350. ಕ್ಯಾಲ್ಸಿಯಂ 450 ಇದ್ದದ್ದನ್ನು 550 ಮಾಡಿದರೆ ಬೆಳವಣಿಗೆ ಓಡುವುದಿಲ್ಲ, ಮುಂದಿನ ತೊಂದರೆ ಓಡಿಬರುತ್ತದೆ.

ಲಕ್ಷಣ: ಎಷ್ಟು ಹಾಕಿದರೂ ಅಂಕಿ ಏರುತ್ತಿಲ್ಲ, ಹೀಟರ್ ಮೇಲೆ ಬಿಳಿ ಗಟ್ಟಿ

ಹೀಟರ್‌ನ ಗಾಜನ್ನು ಸವರಿ ನೋಡಿ. ಗಡಸು ನೀರು ಕುದಿಸಿದ ಪಾತ್ರೆಯ ತಳದಂತೆ ಒರಟಾಗಿದ್ದರೆ ನೀವು ಹಾಕಿದ್ದೆಲ್ಲ ಅಲ್ಲಿ ಹೋಗಿ ಕೂತಿದೆ. ಕೋರಲೈನ್ ಕಟ್ಟಬೇಕಾದ ಸುಣ್ಣವನ್ನು ಹೀಟರ್ ಕಟ್ಟಿದೆ! ಪಂಪಿನ ಒಳಗೂ ಇದೇ ಕಥೆ. ಮರಳು ಹೆಂಟೆಕಟ್ಟಿದ್ದರೆ ಅದೂ ಇದರ ಸುಳಿವು.

ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಅಲ್ಕಲಿನಿಟಿ ಮತ್ತು ಕ್ಯಾಲ್ಸಿಯಂ ಎರಡನ್ನೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸುರಿದಿದ್ದೀರಿ. ಇಲ್ಲವೇ ಮೆಗ್ನೀಷಿಯಂ 1200ಕ್ಕಿಂತ ಕೆಳಗಿದೆ. ಸುಣ್ಣ ತಾನಾಗಿ ಗಟ್ಟಿಯಾಗದಂತೆ ತಡೆಯುವುದು ಮೆಗ್ನೀಷಿಯಂ. ಅದು ಸರಿಹೋಗುವವರೆಗೆ ಉಳಿದೆರಡನ್ನು ಬೆನ್ನಟ್ಟಿ ಪ್ರಯೋಜನವಿಲ್ಲ. ಮೊದಲು ಅದನ್ನು ಕೆಲವು ದಿನಗಳಲ್ಲಿ ನಿಧಾನಕ್ಕೆ ಏರಿಸಿ. ಅಲ್ಕಲಿನಿಟಿ ಬೆಳಿಗ್ಗೆ, ಕ್ಯಾಲ್ಸಿಯಂ ಸಂಜೆ, ಎರಡೂ ಜೋರು ಹರಿವಿರುವ ಕಡೆ.

ಎಚ್ಚರಿಕೆ: ಕ್ಯಾಲ್ಸಿಯಂ ಏರಿಸಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿದ್ದಾಗ ಚೆನ್ನಾಗಿ ಬಿಸಿಯಾಗುತ್ತದೆ. ತೆಳು ಗಾಜಿನ ಲೋಟದಲ್ಲಿ ಕಲಸಬೇಡಿ. ಕ್ಯಾಲ್ಸಿಯಂ, ಅಲ್ಕಲಿನಿಟಿ ಎರಡನ್ನೂ ಏರಿಸಲು ಕೆಲವರು ಹಾಕುವ ಸುಣ್ಣದ ನೀರು, ಹವ್ಯಾಸಿಗಳು ಕಾಲ್ಕ್‌ವಾಸರ್ ಅನ್ನುವುದು, ಅದರ ಪಿಎಚ್ 12ರ ಮೇಲೆ. ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ಕನ್ನಡಕ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸಿಡಿದರೆ ಹರಿಯುವ ನೀರಿನಲ್ಲಿ ಕಣ್ಣು ತೊಳೆಯುತ್ತಲೇ ಇದ್ದು ವೈದ್ಯರ ಬಳಿ ಹೋಗಿ. ಟ್ಯಾಂಕಿಗೂ ಹನಿ ಹನಿಯಾಗಿಯೇ ಹೋಗಬೇಕು.

ಲಕ್ಷಣ: ಚೆನ್ನಾಗಿದ್ದ ನೇರಳೆ ಬೆಳ್ಳಗಾಯಿತು

ಎಲ್ಲಿ ಬೆಳ್ಳಗಾಗಿದೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಅಂಚು ಮಾತ್ರ ತೆಳ್ಳಗೆ ಬಿಳಿ, ನಡುವೆ ಬಣ್ಣ ಇದೆ: ಸುಮ್ನೆ ಬಿಡಿ. ಅದು ಬೆಳೆಯುತ್ತಿರುವ ಅಂಚು.

ಕಲ್ಲಿನ ನೆತ್ತಿ ಬಿಳಿ, ಪಕ್ಕ ಮತ್ತು ಅಡಿ ನೇರಳೆ: ಬೆಳಕು ಜಾಸ್ತಿ. ಹೊಸ ಲೈಟ್ ಹಾಕಿದಿರಾ, ಹೊಳಪು ಏರಿಸಿದಿರಾ? ಇದಕ್ಕೆ ತುಂಬಾ ಬೆಳಕು ಬೇಕು ಅನ್ನುವುದೇ ತಪ್ಪು ತಿಳಿವಳಿಕೆ. 1984ರಲ್ಲಿ ಬಹಾಮಾಸ್‌ನ ಸ್ಯಾನ್ ಸಾಲ್ವಡಾರ್ ಬಳಿ 268 ಮೀಟರ್ ಆಳದಲ್ಲಿ, ಕಣ್ಣಿಗೆ ಕತ್ತಲೆಯೇ ಅನ್ನಿಸುವ ಕಡೆ, ಒಂದು ಕೋರಲೈನ್ ಕಲ್ಲಿಗೆ ಅಂಟಿ ಬದುಕಿದ್ದು ಕಂಡಿದೆ. ಹೊಳಪು ಇಳಿಸಿ, ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಏರಿಸಿ.

ನೆರಳಿನಲ್ಲಿರುವುದೂ ಸೇರಿ ಎಲ್ಲ ಕಡೆ ಒಟ್ಟಿಗೆ ಬಿಳಿ: ನೀರಿನಲ್ಲಿ ಏನೋ ಕೆಟ್ಟಿದೆ. ಮೊದಲು ಥರ್ಮಾಮೀಟರ್. ಹೀಟರ್ ಆಫ್ ಆಗದೆ ಅಂಟಿಕೊಂಡಿರಬಹುದು. 24ರಿಂದ 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ಲವಣಾಂಶ, ಆಮೇಲೆ ಅಲ್ಕಲಿನಿಟಿ. ಇತ್ತೀಚೆಗೆ ಏನಾದರೂ ಔಷಧಿ ಹಾಕಿದ್ದೀರಾ ಎಂದು ನೆನಪಿಸಿಕೊಳ್ಳಿ. ತಾಮ್ರ ಇರುವ ಮೀನಿನ ಔಷಧಿ ಈ ಟ್ಯಾಂಕಿಗೆ ಬರಲೇಬಾರದು. ಅದು ಬಸವನಹುಳು, ಸೀಗಡಿಗಳನ್ನೂ ಕೊಲ್ಲುತ್ತದೆ.

ನೀರಿನ ಮಟ್ಟದ ಹತ್ತಿರ ಮಾತ್ರ ಬಿಳಿ ಪಟ್ಟಿ: ಆವಿಯಾಗಿ ನೀರು ಇಳಿದಾಗ ಒಣಗಿದೆ. ಸಿಹಿನೀರು ದಿನಾ ತುಂಬಿ.

ರಾತ್ರೋರಾತ್ರಿ ಬಿಳಿ ಗೀರು: ಯಾರೋ ಮೇಯುತ್ತಿದ್ದಾರೆ. ಲೈಟ್ ಆರಿ ಎರಡು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ನೋಡಿ. ಸೀ ಅರ್ಚಿನ್‌ನ (ಮುಳ್ಳುಚೆಂಡಿನಂಥ ಸಮುದ್ರಜೀವಿ) ಬಾಯಲ್ಲಿ ಐದು ಹಲ್ಲು. ಅದು ಕೆರೆದ ಕಡೆ ಪುಟ್ಟ ನಕ್ಷತ್ರದಂಥ ಗುರುತು ಬೀಳುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅದಕ್ಕೆ ಕೋರಲೈನ್ ಊಟವೇ, ಬೈದು ಪ್ರಯೋಜನವಿಲ್ಲ. ಚಿಕ್ಕ ಟ್ಯಾಂಕ್ ಆದರೆ ಅದನ್ನು ಬೇರೆಯವರಿಗೆ ಕೊಡುವುದೊಂದೇ ದಾರಿ. ಬರಿಗೈಯಲ್ಲಿ ಹಿಡಿಯಬೇಡಿ, ಮುಳ್ಳು ಚರ್ಮದೊಳಗೇ ಮುರಿಯುತ್ತದೆ. ಉಗುರಿನಷ್ಟೇ ದೊಡ್ಡ ಆಸ್ಟರೀನಾ ನಕ್ಷತ್ರಮೀನುಗಳಲ್ಲೂ ಕೆಲವು ಇದನ್ನು ತಿನ್ನುತ್ತವೆ. ನಾಲ್ಕಿದ್ದರೆ ಬಿಡಿ, ನಲವತ್ತಾದರೆ ಆರಿಸಿ ತೆಗೆಯಿರಿ.

ಬೆಳ್ಳಗಾದದ್ದು ಸತ್ತಿದೆ ಅಂತ ಕೆರೆದು ಎಸೆಯಬೇಡಿ. ಕಾರಣ ಸರಿಹೋದರೆ ಉಳಿದ ಜೀವಂತ ತುಣುಕುಗಳಿಂದ ಅದೇ ಜಾಗದಲ್ಲಿ ಮತ್ತೆ ಹಬ್ಬುತ್ತದೆ.

ಲಕ್ಷಣ: ಅಂಕಿಗಳೆಲ್ಲ ಸರಿ, ಪಿಎಚ್ ಮಾತ್ರ 7.8ರ ಹತ್ತಿರ

ಪಿಎಚ್ ಏರಿಸುವ ಬಾಟಲಿ ಬೇಡ. ಒಂದು ಲೋಟ ಟ್ಯಾಂಕಿನ ನೀರನ್ನು ಮನೆಯ ಹೊರಗೆ ಇಟ್ಟು ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಡಿ. ಮತ್ತೆ ಅಳೆಯಿರಿ. ಪಿಎಚ್ ಏರಿದ್ದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿದೆ. ಈಗ ಅದೇ ಪರೀಕ್ಷೆಯನ್ನು ಕೋಣೆಯ ಒಳಗೆ ಮಾಡಿ. ಒಳಗೂ ಅಷ್ಟೇ ಏರಿದರೆ ಟ್ಯಾಂಕಿನ ನೀರು ಸಾಕಷ್ಟು ಕಲಕುತ್ತಿಲ್ಲ. ಒಳಗೆ ಏರದಿದ್ದರೆ ಕೋಣೆಯ ಗಾಳಿಯೇ ಕಾರಣ. ಕಿಟಕಿ ತೆರೆಯಿರಿ. ಬಿಟ್ಟಿ ಪರಿಹಾರ, ಅಲ್ವಾ? 8.1ರಿಂದ 8.4 ಒಳ್ಳೆಯದು. ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ ಇರುವುದು ಸಹಜ.

ಎಲ್ಲಿ ನಿಲ್ಲಿಸಬೇಕು

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ಹವಳದ ಮಾಂಸ ಕಳಚುತ್ತಿದ್ದರೆ, ಬಸವನಹುಳುಗಳು ಬೋರಲಾಗಿ ಬಿದ್ದಿದ್ದರೆ ಕೋರಲೈನ್ ವಿಚಾರ ಪಕ್ಕಕ್ಕಿಡಿ. ಹಾಕುತ್ತಿರುವುದನ್ನೆಲ್ಲ ನಿಲ್ಲಿಸಿ, ಲವಣಾಂಶ ಮತ್ತು ಉಷ್ಣಾಂಶ ಹೊಂದಿಸಿದ ನೀರಿನಿಂದ ಕಾಲು ಭಾಗ ಬದಲಿಸಿ, ಅನುಭವಿಗಳಿಗೆ ನಿಮ್ಮ ಅಂಕಿಗಳನ್ನು ತೋರಿಸಿ. ಎಲ್ಲ ಪರೀಕ್ಷೆ ಸರಿ ಬಂದು ಆರು ತಿಂಗಳಾದರೂ ಏನೂ ಆಗದಿದ್ದರೆ ನೀರಿನ ಮಾದರಿಯನ್ನು ಐಸಿಪಿ ಎಂಬ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು. ಮನೆಯ ಕಿಟ್‌ಗೆ ಸಿಗದ ತೀರಾ ಅಲ್ಪ ಪ್ರಮಾಣದ ತಾಮ್ರ, ತವರದಂಥ ಲೋಹಗಳು ಅದರಲ್ಲಿ ಕಾಣುತ್ತವೆ.

ಟ್ಯಾಂಕಿಗೆ ಕೈ ಹಾಕುವ ಮುಂಚೆ ಹೀಟರ್, ಪಂಪ್, ಲೈಟಿನ ಪ್ಲಗ್ ಕಿತ್ತುಬಿಡಿ. ಉಪ್ಪುನೀರು ವಿದ್ಯುತ್ತಿಗೆ ಹೆದ್ದಾರಿ. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರುವಂತಿರಲಿ. ಆಗ ಹನಿ ಅಲ್ಲೇ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕಲ್ಲಿನ ಮೇಲಿನ ಕಳೆ ಹೋಗಲಿ ಅಂತ ಅದನ್ನು ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಬೇಡಿ. ಅದರ ಮೇಲೆ ಪ್ಯಾಲಿಥೋವಾ ಅಥವಾ ಜೋಆಂಥಿಡ್ ಎಂಬ ಹವಳದಂಥ ಜೀವಿಗಳು ಇದ್ದರೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಹಬೆಯಲ್ಲಿ, ತುಂತುರಿನಲ್ಲಿ ಸೇರಿ ಉಸಿರಿಗೆ ಹೋಗಬಹುದು. ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಅಂಥ ಕೆಲಸದ ನಂತರ ಉಸಿರು ಕಟ್ಟಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ಜ್ವರ, ಕೆಮ್ಮು ಶುರುವಾದರೆ ಎಲ್ಲರೂ ಹೊರಗೆ ಬಂದು ತಕ್ಷಣ ಆಸ್ಪತ್ರೆಗೆ ಹೋಗಿ, ಹವಳದ ವಿಷದ ವಿಚಾರ ಬಾಯಿಬಿಟ್ಟು ಹೇಳಿ.

ಲಕ್ಷಣ: ಪವರ್‌ಹೆಡ್ ಗೊರಗೊರ ಅನ್ನುತ್ತಿದೆ

ಇದು ಸಂತೋಷದ ದೋಷ. ಕೋರಲೈನ್ ಹಿಡಿದಿದೆ, ಅದೂ ಪಂಪಿನ ರೆಕ್ಕೆಗೆ. ಪ್ಲಗ್ ಕಿತ್ತು ಪಂಪನ್ನು ಹೊರತೆಗೆದು, ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ. ಸುಣ್ಣ ಬುಸುಬುಸು ನೊರೆ ಬಿಟ್ಟು ಸಡಿಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಚೆನ್ನಾಗಿ ತೊಳೆದು ಹಾಕಿ. ನೆನೆಸುವ ಮುಂಚೆ ಪಂಪಿನ ಹೊರಮೈಯಿಂದ ಒಂದು ಚಿಟಿಕೆ ಕೆರೆದು ಟ್ಯಾಂಕಿನ ನೀರಿನಲ್ಲೇ ಇಟ್ಟುಕೊಳ್ಳಿ. ಡ್ರೈ ರಾಕ್ ಹಾಕಿ ಕಾಯುತ್ತಿರುವ ಸ್ನೇಹಿತರು ಯಾರಾದರೂ ಕೇಳಿಯೇ ಕೇಳುತ್ತಾರೆ.